ದೇವಾಲಯದಲ್ಲಿ ಮುದ್ರಿತವಾದ ಎರಡು ರಾತ್ರಿಗಳ ಗಾನ

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಜರುಗಿದ ಸಂಗೀತ ಸಂಜೆಯಲ್ಲಿ ನೀಡಿದ ಉಪನ್ಯಾಸ)



ಸಮಿತಿಯವರು ನನಗೆ ಕೊಟ್ಟ ವಿಷಯ ‘ದೈವಾರಾಧನೆಯಲ್ಲಿ ಸಂಗೀತ’ ಎಂಬುದು. ಅದು ನಮ್ಮೆದುರಿನ ಕಡಲಿನಷ್ಟೇ ವಿಸ್ತಾರವಾದ ವಿಷಯ. ದಡದಲ್ಲಿ ನಿಂತು ಕಡಲನ್ನೆಲ್ಲ ವರ್ಣಿಸುವ ಸಾಹಸಕ್ಕೆ ಕೈಹಾಕದೆ, ಒಂದು ಬೊಗಸೆ ನೀರನ್ನಷ್ಟೇ ತಮ್ಮ ಮುಂದಿಡಲು ಅಪ್ಪಣೆ ಬೇಡುತ್ತೇನೆ. ನಾನು ಮಾತನಾಡಲಿರುವುದು ಒಂದೇ ಒಂದು ಧ್ವನಿಮುದ್ರಿಕೆಯನ್ನು ಕುರಿತು. ಅದು ನಮ್ಮ ನಾಡಿನದಲ್ಲ, ನಮ್ಮ ಭಾಷೆಯದಲ್ಲ, ನಮ್ಮ ಕಥೋಲಿಕ ಧರ್ಮಸಭೆಯದೂ ಅಲ್ಲ. ಆದರೂ ಅದನ್ನೇ ಆರಿಸಿಕೊಂಡುದಕ್ಕೆ ಒಂದು ಕಾರಣವುಂಟು. ಶತಮಾನೋತ್ಸವದ ನೆನಪಿಗಾಗಿ ಭಕ್ತಿಗೀತೆಗಳ ಒಂದು ಮುದ್ರಿಕೆಯನ್ನು ಹೊರತರಬೇಕೆಂಬ ಆಲೋಚನೆ ನಮ್ಮಲ್ಲಿ ನಡೆದಿದೆ. ಹಾಡುವವರನ್ನು ಹೊರಗಿನಿಂದ ಕರೆಸಿ, ದೂರದ ಸ್ಟುಡಿಯೋದಲ್ಲಿ ಹಾಡಿಸಿ, ನಮ್ಮ ದೇವಾಲಯದ ಚಿತ್ರವನ್ನು ಮುಖಪುಟಕ್ಕೆ ಹಾಕಿಸುವುದೆಂದು ಕೆಲವರ ಅಭಿಪ್ರಾಯ. ಆ ನಿರ್ಣಯ ಆಗುವ ಮೊದಲು ಈ ಕಥೆಯನ್ನು ತಾವು ಕೇಳಬೇಕೆಂದು ನನ್ನ ವಿನಂತಿ.

ಅರೀಥಾ ಫ್ರಾಂಕ್ಲಿನ್ ಎಂಬ ಗಾಯಕಿ 1942ರ ಮಾರ್ಚ್ 25ರಂದು ಅಮೇರಿಕದ ಮೆಂಫಿಸ್ ನಗರದಲ್ಲಿ ಜನಿಸಿದಳು, ಬೆಳೆದದ್ದು ಡೆಟ್ರಾಯಿಟ್‌ನಲ್ಲಿ. ತಂದೆ ಸಿ. ಎಲ್. ಫ್ರಾಂಕ್ಲಿನ್ ಅಲ್ಲಿನ ನ್ಯೂ ಬೆಥೆಲ್ ಬ್ಯಾಪ್ಟಿಸ್ಟ್ ದೇವಾಲಯದ ಬೋಧಕರು. ಅವರ ಪ್ರಬೋಧನೆಗಳು ಗ್ರಾಮೋಫೋನ್ ತಟ್ಟೆಗಳಾಗಿ ಮನೆಮನೆಗೆ ಹೋಗುತ್ತಿದ್ದ ಕಾಲವದು. ಹತ್ತು ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡರು. ತಾಯಿಯಿಲ್ಲದ ಆ ಬಾಲಿಕೆ ತಂದೆಯ ದೇವಾಲಯದಲ್ಲಿ ನಿಂತು ಹಾಡತೊಡಗಿದಳು. 1956ರಲ್ಲಿ, ಹದಿನಾಲ್ಕರ ಪ್ರಾಯದಲ್ಲಿ, ಅದೇ ದೇವಾಲಯದಲ್ಲಿ ಆಕೆಯ ಮೊದಲ ಹಾಡುಗಳು ಮುದ್ರಿತವಾದವು. ಅನಂತರ ಲೌಕಿಕ ಸಂಗೀತದ ಕಡೆಗೆ ಹೊರಳಿದಳು. 1967ರ ಹೊತ್ತಿಗೆ ಆಕೆಯ ಹೆಸರು ಜಗತ್ತಿನಾದ್ಯಂತ ಹಬ್ಬಿತು. ಆಕೆ ಹಾಡುತ್ತಿದ್ದ ಬಗೆಗೆ ‘ಸೋಲ್’ ಸಂಗೀತವೆಂದು ಹೆಸರು. ಇದು ಕನ್ನಡದ ಸೋಲಲ್ಲ. ಇಂಗ್ಲಿಷಿನಲ್ಲಿ ಆತ್ಮಕ್ಕೆ ಹೇಳುವ ಶಬ್ದ. ದೇವಾಲಯದ ಹಾಡಿನ ಧಾಟಿಯನ್ನೇ ತೆಗೆದುಕೊಂಡು, ದೇವರ ಹೆಸರಿದ್ದಲ್ಲಿ ಪ್ರಿಯಕರನ ಹೆಸರನ್ನು ಇಟ್ಟ ಹಾಗೆ ಅದು ಹುಟ್ಟಿತೆಂದು ಹೇಳಿದರೆ ಬಹಳ ತಪ್ಪಾಗಲಾರದು. ಆದುದರಿಂದಲೇ ಹಳೆಯ ಕಾಲದ ಭಕ್ತರಿಗೆ ಅದರ ಮೇಲೆ ಸಿಟ್ಟೂ ಇತ್ತು.

ಹೀಗೆ ಕೀರ್ತಿಯ ಶಿಖರದಲ್ಲಿದ್ದಾಗ, 1972ರ ಜನವರಿ 13 ಮತ್ತು 14ರ ರಾತ್ರಿಗಳಲ್ಲಿ, ಆಕೆ ಲಾಸ್ ಏಂಜಲೀಸ್ ನಗರದ ನ್ಯೂ ಟೆಂಪಲ್ ಮಿಷನರಿ ಬ್ಯಾಪ್ಟಿಸ್ಟ್ ದೇವಾಲಯಕ್ಕೆ ಬಂದು ಶುಭಸಂದೇಶ ಗೀತೆಗಳನ್ನು ಹಾಡಿದಳು. ಅದು ಭವ್ಯ ಮಂದಿರವೇನೂ ಅಲ್ಲ. ಬಡವರ ಬಡಾವಣೆಯಲ್ಲಿ, ಹಿಂದೆ ಸಿನೆಮಾ ಟಾಕೀಸಾಗಿದ್ದ ಕಟ್ಟಡ. ಅದನ್ನೇ ಪ್ರಾರ್ಥನಾ ಮಂದಿರವಾಗಿ ಮಾರ್ಪಡಿಸಿದ್ದರು. ಜೊತೆಗಿದ್ದವರು ರೆವರೆಂಡ್ ಜೇಮ್ಸ್ ಕ್ಲೀವ್‌ಲ್ಯಾಂಡ್ ಮತ್ತು ಅವರ ಸದರ್ನ್ ಕ್ಯಾಲಿಫೋರ್ನಿಯಾ ಕಮ್ಯುನಿಟಿ ಕ್ವಾಯರ್. ಈ ಕ್ಲೀವ್‌ಲ್ಯಾಂಡ್ ಅವಳ ಬಾಲ್ಯದಲ್ಲಿ ಡೆಟ್ರಾಯಿಟ್‌ನ ಅದೇ ದೇವಾಲಯದಲ್ಲಿ ಸಂಗೀತದ ಕೆಲಸ ಮಾಡಿದವರು. ಪಿಯಾನೋ ಮುಂದೆ ಕುಳಿತ ಅವರು, ಇದು ಧಾರ್ಮಿಕ ಸೇವೆ, ದೇವರ ಮನೆ ಎಂಬುದನ್ನು ಸಭಿಕರಿಗೆ ನೆನಪಿಸಿ, ಎಲ್ಲರೂ ದನಿಗೂಡಿಸಬೇಕೆಂದು ಕರೆಯುತ್ತಾರೆ. ಆ ಎರಡು ರಾತ್ರಿಗಳ ಗಾನವೇ ಅದೇ ವರ್ಷ ಜೂನ್ ತಿಂಗಳಲ್ಲಿ ‘ಅಮೇಜಿಂಗ್ ಗ್ರೇಸ್’, ಅಂದರೆ ‘ಬೆರಗಿನ ಕೃಪೆ’ ಎಂಬ ಹೆಸರಿನಿಂದ ಎರಡು ತಟ್ಟೆಗಳ ಮುದ್ರಿಕೆಯಾಗಿ ಹೊರಬಂತು. ಅಮೇರಿಕದಲ್ಲಿಯೇ 20 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಆಕೆಯ ಜೀವಮಾನದ ಯಾವ ಲೌಕಿಕ ಮುದ್ರಿಕೆಯೂ ಇಷ್ಟು ಮಾರಾಟವಾಗಲಿಲ್ಲವೆಂಬುದು ವಿಚಾರ ಮಾಡತಕ್ಕ ಸಂಗತಿ.

ಎರಡನೆಯ ರಾತ್ರಿ ತಂದೆಯೂ ಸಭೆಯಲ್ಲಿದ್ದರು. ಅವರನ್ನು ಎರಡು ಮಾತನಾಡಲು ಕರೆದಾಗ ಅವರು ಒಂದು ಪ್ರಸಂಗವನ್ನು ಹೇಳಿದರು. ಅದು ಮುದ್ರಿಕೆಯಲ್ಲಿಯೂ ಇದೆ. ಬಟ್ಟೆ ಶುಚಿ ಮಾಡುವ ಅಂಗಡಿಯಲ್ಲಿ ಓರ್ವ ಮಹಿಳೆ, ತಮ್ಮ ಮಗಳನ್ನು ಟೆಲಿವಿಷನ್ನಿನಲ್ಲಿ ನೋಡಿದೆ, ಪರವಾಗಿಲ್ಲ, ಆದರೆ ಅವಳು ದೇವಾಲಯಕ್ಕೆ ಮರಳಿ ಬಂದಾಗ ನನಗೆ ಸಂತೋಷ, ಎಂದಳಂತೆ. ಅದಕ್ಕೆ ತಂದೆಯ ಉತ್ತರ: ಅವಳು ದೇವಾಲಯವನ್ನು ಬಿಟ್ಟು ಹೋದದ್ದೇ ಇಲ್ಲ. ತಂದೆಯ ಪ್ರೀತಿ ಮಾತನಾಡಿತು ಎಂದು ನಾವು ನಗಬಹುದು. ಆದರೆ ಮುದ್ರಿಕೆಯನ್ನು ಕೇಳಿದವರಿಗೆ ಆ ಮಾತು ಸತ್ಯವೆಂದು ತೋರುತ್ತದೆ. ಮನೆಬಿಟ್ಟು ಹೋಗಿ ಪಶ್ಚಾತ್ತಾಪದಿಂದ ಮರಳಿದ ಮಗನ ಅಳುಕು ಆ ದನಿಯಲ್ಲಿಲ್ಲ. ತವರಿನ ಅಡಿಗೆಮನೆಗೆ ನೇರವಾಗಿ ನಡೆದು ಬಂದ ಮಗಳ ಸಲಿಗೆಯಿದೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಆ ಮುದ್ರಿಕೆಯಲ್ಲಿ ಹಾಡಿದವರು ಯಾರು? ಮುಖಪುಟದಲ್ಲಿ ಒಬ್ಬಳ ಚಿತ್ರ. ಕಿವಿಗೆ ಕೇಳಿಸುವುದು ಬೇರೆ. ಆಕೆ ಒಂದು ಸಾಲನ್ನು ಮುಗಿಸುವ ಮೊದಲೇ ವೃಂದ ಅದನ್ನು ಎತ್ತಿಕೊಳ್ಳುತ್ತದೆ; ವೃಂದದ ದನಿ ಇಳಿಯುವ ಮೊದಲೇ ಬೆಂಚುಗಳಲ್ಲಿ ಕುಳಿತವರು ಕೂಗುತ್ತಾರೆ, ಚಪ್ಪಾಳೆ ಹಾಕುತ್ತಾರೆ, ‘ಆಮೆನ್’ ಎನ್ನುತ್ತಾರೆ, ಎದ್ದು ಕುಣಿಯುತ್ತಾರೆ. ಆ ಕೂಗು ಕೇಳಿ ಆಕೆ ಇನ್ನೊಂದು ಮೆಟ್ಟಿಲು ಮೇಲೆ ಹೋಗುತ್ತಾಳೆ. ಯಾರು ಯಾರನ್ನು ಹಾಡಿಸುತ್ತಿದ್ದಾರೆ ಎಂಬುದೇ ತಿಳಿಯದಂತಾಗುತ್ತದೆ. ಇಂತಹ ಗಾಯಕಿಗೆ ಉತ್ತಮ ಸ್ಟುಡಿಯೋಗಳಿಗೆ ಕೊರತೆಯಿರಲಿಲ್ಲ. ಆದರೆ ಈ ಹಾಡುಗಳನ್ನು ಜನರ ನಡುವೆ, ದೇವಾಲಯದಲ್ಲಿಯೇ ಹಾಡಿದಳು. ಸ್ಟುಡಿಯೋದ ಗಾಜಿನ ಗೂಡಿನಲ್ಲಿ ಆಕೆಯ ಕಂಠ ಸಿಕ್ಕೀತು. ಆ ಕಂಠಕ್ಕೆ ಬರುವ ಉತ್ತರ ಸಿಕ್ಕುತ್ತಿರಲಿಲ್ಲ.

ಒಂದು ಹಾಡನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ‘ಮೇರಿ, ಡೋಂಟ್ ಯೂ ವೀಪ್’ ಎಂಬುದು ಗುಲಾಮಗಿರಿಯ ಕಾಲದಿಂದ ಬಂದ ಹಾಡು. ಹೆಸರು ಕೇಳಿ ನಾವು ಕನ್ಯಾಮಾತೆಯೆಂದು ತಿಳಿಯುವ ಸಂಭವವುಂಟು. ಹಾಗಲ್ಲ, ಈಕೆ ಬೆಥಾನಿಯದ ಮರಿಯ, ಮಾರ್ಥಳ ತಂಗಿ, ಸತ್ತ ಲಾಜರನಿಗಾಗಿ ಅತ್ತವಳು. ಸಂತ ಯೊವಾನ್ನನ ಶುಭಸಂದೇಶದ ಹನ್ನೊಂದನೆಯ ಅಧ್ಯಾಯವನ್ನೂ, ಫರೋಹನ ಸೈನ್ಯ ಕೆಂಪು ಸಮುದ್ರದಲ್ಲಿ ಮುಳುಗಿದ ವಿಮೋಚನಕಾಂಡದ ಕಥೆಯನ್ನೂ ಒಂದೇ ಹಾಡಿನಲ್ಲಿ ಹೊಲಿದಿದ್ದಾರೆ. ಧನಿಯ ಹೊಲದಲ್ಲಿ ದುಡಿಯುತ್ತ ಈ ಹಾಡನ್ನು ಹಾಡುತ್ತಿದ್ದವರಿಗೆ ಫರೋಹನು ಯಾರೆಂಬುದನ್ನು ವಿವರಿಸಿ ಹೇಳುವ ಅಗತ್ಯವಿರಲಿಲ್ಲ. ಅರೀಥಾ ಅದನ್ನು ಹಾಡುತ್ತ ಹಾಡುತ್ತ ಕಥೆ ಹೇಳತೊಡಗುತ್ತಾಳೆ. ಪ್ರಭು ಯೇಸು ಸಮಾಧಿಯ ಮುಂದೆ ನಿಂತು ಲಾಜರನನ್ನು ಮೂರು ಬಾರಿ ಹೆಸರು ಹಿಡಿದು ಕರೆಯುತ್ತಾರೆ. ಪವಿತ್ರ ಗ್ರಂಥದಲ್ಲಿ ಕರೆದದ್ದು ಒಂದೇ ಸಲ; ಆದರೆ ಹಾಡಿಗೆ ಮೂರು ಬೇಕು, ಏಕೆಂದರೆ ಮೊದಲ ಎರಡು ಕರೆಗಳ ಮಧ್ಯದಲ್ಲಿ ಸಭೆ ಕಾಯಬೇಕು. ಮೂರನೆಯ ಕರೆಯ ಹೊತ್ತಿಗೆ ಏಳುವವನು ಲಾಜರನೊಬ್ಬನೇ ಅಲ್ಲ.

ಶೀರ್ಷಿಕೆಯ ಹಾಡಿನ ಕಥೆಯನ್ನು ತಾವು ಕೇಳಿರಬಹುದು. ಅದನ್ನು ಬರೆದ ಜಾನ್ ನ್ಯೂಟನ್ ಇಂಗ್ಲೆಂಡಿನವನು, ಗುಲಾಮರನ್ನು ಸಾಗಿಸುತ್ತಿದ್ದ ಹಡಗಿನ ನಾಯಕ. 1748ರಲ್ಲಿ ಬಿರುಗಾಳಿಗೆ ಸಿಕ್ಕಿ ದೇವರನ್ನು ನೆನೆದನು. ಇಲ್ಲಿಗೆ ಕಥೆಯನ್ನು ನಿಲ್ಲಿಸುವುದು ವಾಡಿಕೆ. ಆದರೆ ಆ ಬಿರುಗಾಳಿಯ ನಂತರವೂ ಆತ ಕೆಲವು ವರ್ಷ, 1754ರವರೆಗೆ, ಅದೇ ವ್ಯಾಪಾರದಲ್ಲಿದ್ದನು. ಮೇಲಿನ ಅಟ್ಟದಲ್ಲಿ ಪ್ರಾರ್ಥನೆ, ಕೆಳಗಿನ ಅಟ್ಟದಲ್ಲಿ ಸಂಕೋಲೆ. 1764ರಲ್ಲಿ ಆಂಗ್ಲಿಕನ್ ಬೋಧಕನಾದನು. 1773ರ ಹೊಸವರ್ಷದ ದಿನದ ಪ್ರಾರ್ಥನೆಗಾಗಿ ಈ ಹಾಡನ್ನು ರಚಿಸಿದನು. ಗುಲಾಮರ ವ್ಯಾಪಾರ ಪಾಪವೆಂದು ಬಹಿರಂಗವಾಗಿ ಬರೆದು ಪ್ರಕಟಿಸಿದ್ದು 1788ರಲ್ಲಿ, ಬಿರುಗಾಳಿಯಿಂದ ನಾಲ್ವತ್ತು ವರ್ಷಗಳ ಮೇಲೆ. ಕೃಪೆಯ ಕೆಲಸ ಎಷ್ಟು ನಿಧಾನವೆಂದು ಇದರಿಂದ ತಿಳಿಯುತ್ತದೆ. ಈಗ ನಾವು ಕೇಳುವ ರಾಗವೂ ಅವನದಲ್ಲ. ಅಮೇರಿಕದಲ್ಲಿ 1835ರಲ್ಲಿ ಆ ಪದ್ಯಕ್ಕೆ ಆ ರಾಗ ಕೂಡಿತು. ಅದೇ ಹಾಡನ್ನು ಗುಲಾಮರ ಮೊಮ್ಮಕ್ಕಳ ಮಕ್ಕಳು ತಮ್ಮದನ್ನಾಗಿ ಮಾಡಿಕೊಂಡರು. 1972ರ ಆ ರಾತ್ರಿ ಅರೀಥಾ ಅದನ್ನು ಸುಮಾರು ಹನ್ನೊಂದು ನಿಮಿಷ ಹಾಡುತ್ತಾಳೆ. ಒಂದೊಂದು ಅಕ್ಷರವನ್ನೂ ಎಳೆದು, ತಿರುವಿ, ಬಿಟ್ಟು, ಹಿಡಿದು, ನಮ್ಮ ಹಿಂದುಸ್ತಾನಿ ಗವಾಯಿಗಳು ವಿಲಂಬಿತದಲ್ಲಿ ಬಢತ್ ಮಾಡುವಂತೆ. ಮಧ್ಯದಲ್ಲಿ ಜೇಮ್ಸ್ ಕ್ಲೀವ್‌ಲ್ಯಾಂಡ್ ಅವರಿಗೆ ಪಿಯಾನೋ ಮುಂದೆ ಕೂರುವುದಾಗದೆ, ಎದ್ದುಹೋಗಿ ಮುಖ ಮುಚ್ಚಿಕೊಂಡು ಅಳುತ್ತಾರೆ.

ಅವರು ಅತ್ತದ್ದು ನಮಗೆ ತಿಳಿದಿರುವುದು ಚಲನಚಿತ್ರದಿಂದ. ಸಿಡ್ನಿ ಪೊಲಾಕ್ ಎಂಬ ಪ್ರಸಿದ್ಧ ನಿರ್ದೇಶಕರು ಎರಡೂ ರಾತ್ರಿ ಚಿತ್ರೀಕರಣ ಮಾಡಿದ್ದರು. ಆದರೆ ಚಿತ್ರವನ್ನೂ ಧ್ವನಿಯನ್ನೂ ಹೊಂದಿಸಲು ಬೇಕಾದ ಕ್ಲಾಪ್ ಹಲಗೆಯನ್ನು ಬಡಿಯಲಿಲ್ಲವಾದುದರಿಂದ ತುಟಿಗೂ ಮಾತಿಗೂ ತಾಳೆ ಬೀಳದೆ, ಚಿತ್ರ ನಾಲ್ವತ್ತಾರು ವರ್ಷ ಕತ್ತಲಲ್ಲಿ ಉಳಿಯಿತು. ಗಣಕಯಂತ್ರದ ನೆರವಿನಿಂದ ಹೊಂದಿಸಿದ ಮೇಲೂ ಅರೀಥಾ ಅದರ ಪ್ರದರ್ಶನಕ್ಕೆ ನ್ಯಾಯಾಲಯದಿಂದ ತಡೆ ತಂದಳು. ಆಕೆ 2018ರ ಆಗಸ್ಟ್ 16ರಂದು ತೀರಿಕೊಂಡ ಬಳಿಕ, ಕುಟುಂಬದವರ ಸಮ್ಮತಿಯಿಂದ, ಅದೇ ನವೆಂಬರಿನಲ್ಲಿ ಚಿತ್ರ ತೆರೆಕಂಡಿತು. ಅದನ್ನು ನೋಡಿದಾಗ ಗೊತ್ತಾಗುವ ಇನ್ನೊಂದು ಸಂಗತಿ ಸೆಕೆ. ದೀಪಗಳ ಬಿಸಿಗೆ ಗಾಯಕಿಯ ಮುಖದಿಂದ ಬೆವರು ಇಳಿಯುತ್ತದೆ. ತಂದೆ ಎದ್ದು ಬಂದು ತಮ್ಮ ಕೈಯಿಂದಲೇ ಒರೆಸುತ್ತಾರೆ, ಅವಳು ಹಾಡುತ್ತಲೇ ಇರುತ್ತಾಳೆ.

ಇಷ್ಟು ದೂರದ ಕಥೆ ಕಾರವಾರ ಅಂಕೋಲೆಗಳಿಗೆ ಏನು ಸಂಬಂಧ ಎಂದು ತಾವು ಕೇಳಬಹುದು. ಸಂಬಂಧ ನಮ್ಮ ಘಟ್ಟದ ಸೆರಗಿನಲ್ಲಿಯೇ ಇದೆ. ಅಂಕೋಲೆಯಿಂದ ಗಂಗಾವಳಿಯ ಎಡಬಲದ ಕಾಡನ್ನು ಹತ್ತಿ ಯಲ್ಲಾಪುರಕ್ಕೆ, ಅಲ್ಲಿಂದ ಹಳಿಯಾಳ, ಮುಂಡಗೋಡಗಳಿಗೆ ಹೋದವರು ಸಿದ್ದಿ ಬಾಂಧವರನ್ನು ಕಂಡೇ ಕಂಡಿರುತ್ತಾರೆ. ಅವರ ಪೂರ್ವಜರು ಆಫ್ರಿಕದವರು. ಪೋರ್ಚುಗೀಸರು ಮೊಜಾಂಬಿಕ್ ಮೊದಲಾದ ಪೂರ್ವ ತೀರಗಳಿಂದ ಆಳುಗಳನ್ನು ಗೋವೆಗೆ ತಂದು ಮಾರಿದರು; ಹಾಗೆ ಬಂದವರಲ್ಲಿ ಅನೇಕರು ತಪ್ಪಿಸಿಕೊಂಡು ನಮ್ಮ ಜಿಲ್ಲೆಯ ಕಾಡುಗಳಲ್ಲಿ ನೆಲೆಸಿದರು. ಒಂದು ಹಡಗು ಪಶ್ಚಿಮಕ್ಕೆ ಹೋಯಿತು, ಒಂದು ಪೂರ್ವಕ್ಕೆ ಬಂತು. ಪಶ್ಚಿಮಕ್ಕೆ ಹೋದವರ ಸಂತತಿಯ ಹಾಡು ಇಂದು ಲೋಕವಿಖ್ಯಾತ. ಪೂರ್ವಕ್ಕೆ ಬಂದವರ ಸಂತತಿ ನಮ್ಮ ನೆರೆಯಲ್ಲಿದೆ. ಅವರಲ್ಲಿ ಹಿಂದೂಗಳು, ಮುಸಲ್ಮಾನರು ಇದ್ದಂತೆ ಹಳಿಯಾಳ ಯಲ್ಲಾಪುರಗಳ ಕಡೆ ಕಥೋಲಿಕರೂ ಇದ್ದಾರೆ. ನಮ್ಮದೇ ಕೊಂಕಣಿಯನ್ನು ಆಡುತ್ತಾರೆ, ನಮ್ಮದೇ ಧರ್ಮಪ್ರಾಂತ್ಯದವರು. ಸರಕಾರ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಡಮಾಮಿ ಎಂಬುದು ಅವರ ವಾದ್ಯ, ಅದೇ ಹೆಸರಿನದು ಅವರ ಕುಣಿತ. ಒಬ್ಬರು ಎತ್ತಿಕೊಡುತ್ತಾರೆ, ಉಳಿದವರು ಉತ್ತರಿಸುತ್ತಾರೆ. ನಮ್ಮ ಕರಾವಳಿಯ ಹಬ್ಬಗಳಿಗೆ ಅವರನ್ನು ಮನರಂಜನೆಯ ವೇದಿಕೆಗೆ ಕರೆಯುವುದುಂಟು. ಬಲಿಪೂಜೆಯಲ್ಲಿ ನಮ್ಮೊಂದಿಗೆ ನಿಂತು ಹಾಡಲು ಕರೆದುದನ್ನು ಇಲ್ಲಿ ನಾನು ಕಂಡಿಲ್ಲ. ಗುಲಾಮರನ್ನು ಕೊಂಡವರಲ್ಲಿ ಕ್ರೈಸ್ತರಿದ್ದರು, ಹಡಗುಗಳಿಗೆ ಸಂತರ ಹೆಸರುಗಳಿದ್ದವು. ನೂರು ವರ್ಷದ ಹಬ್ಬದಲ್ಲಿ ಇದನ್ನು ನೆನೆಯುವುದು ಹಿತವಲ್ಲವೆಂದು ಬಲ್ಲೆ; ಆದರೆ ನೆನೆಯದೆ ಆ ಹಾಡನ್ನು ಕೇಳುವುದು ಹೇಗೆ?

ಸೆರೆಯ ಹಾಡು ನಮಗೂ ಅಪರಿಚಿತವಲ್ಲ. ತಪಸ್ಸು ಕಾಲದಲ್ಲಿ ನಾವು ಹಾಡುವ ‘ರಿಗ್ಲೊ ಜೆಜು ಮೊಳ್ಯಾಂತು’ ಎಂಬ ಕೊಂಕಣಿ ಗೀತೆ ಹದಿನೆಂಟನೆಯ ಶತಮಾನದ ಪಾದ್ರಿ ಜೊವಾಕಿಮ್ ದ ಮಿರಾಂಡರ ರಚನೆಯೆಂದು ಪ್ರಸಿದ್ಧ. ಟಿಪ್ಪೂವಿನ ಕಾಲದಲ್ಲಿ ಕೆನರಾ ಸೀಮೆಯ ಕ್ರೈಸ್ತರೊಡನೆ ಸಂಕಟ ಉಂಡ ಗುರುಗಳವರು. ಗೆತ್ಸೆಮನಿ ತೋಟದಲ್ಲಿ ಬೆವರಿದ ಪ್ರಭುವನ್ನು ಕುರಿತ ಆ ಹಾಡು ಗೋವೆಯಿಂದ ಮಂಗಳೂರಿನವರೆಗೆ ಇನ್ನೂ ಜೀವಂತವಾಗಿದೆ. ಅದನ್ನು ಉಳಿಸಿದ್ದು ಯಾವ ತಟ್ಟೆಯೂ ಅಲ್ಲ, ಕ್ಯಾಸೆಟ್ಟೂ ಅಲ್ಲ. ಶುಕ್ರವಾರಗಳಂದು ಮಂಡಿಯೂರಿದ ಜನ.

ದ್ವಿತೀಯ ವ್ಯಾಟಿಕನ್ ಮಹಾಸಭೆ ದೈವಾರಾಧನೆಯ ಸಂವಿಧಾನವನ್ನು 1963ರ ಡಿಸೆಂಬರ್ 4ರಂದು ಹೊರಡಿಸಿತು. ಜನರ ಹಾಡನ್ನು ಜಾಣ್ಮೆಯಿಂದ ಬೆಳೆಸಬೇಕು, ವಿಶ್ವಾಸಿಗಳ ದನಿ ಕೇಳಿಸಬೇಕು, ಆಯಾ ನಾಡಿನ ಜನಕ್ಕೆ ತಮ್ಮದೇ ಸಂಗೀತ ಪರಂಪರೆಯಿದ್ದರೆ ಅದಕ್ಕೆ ತಕ್ಕ ಗೌರವ ಸ್ಥಾನ ಸಲ್ಲಬೇಕು ಎಂಬ ಅಭಿಪ್ರಾಯ ಅದರಲ್ಲಿ ಸ್ಪಷ್ಟವಾಗಿದೆ. ಲ್ಯಾಟಿನ್ ಹೋಗಿ ಕೊಂಕಣಿ ಕನ್ನಡಗಳು ಬಂದವು. 1976ರಲ್ಲಿ ಬೆಳಗಾವಿಯಿಂದ ಬೇರ್ಪಟ್ಟು ಕಾರವಾರವೇ ಧರ್ಮಪ್ರಾಂತ್ಯವಾಯಿತು. ಭಾಷೆಯೇನೋ ಜನರ ಬಳಿಗೆ ಬಂತು. ಹಾಡು ಮಾತ್ರ ಮೆಲ್ಲಮೆಲ್ಲನೆ ಮೈಕಿನ ಬಳಿಗೆ ಸರಿಯಿತು. ಇಂದು ವೃಂದದ ನಾಲ್ಕು ಮಂದಿ ನಾಲ್ಕು ಮೈಕು ಹಿಡಿದು ಹಾಡುತ್ತಾರೆ. ಕೀಬೋರ್ಡು ತಾನೇ ತಾಳವನ್ನೂ ಹಾಕಿಕೊಡುತ್ತದೆ. ಹಾಡುಗಳು ಪ್ರತಿ ಹಬ್ಬಕ್ಕೂ ಹೊಸವು. ಬೆಂಚಿನಲ್ಲಿ ಕುಳಿತವನು ಬಾಯಿ ತೆರೆದರೂ ಅವನ ದನಿ ಅವನಿಗೇ ಕೇಳಿಸುವುದಿಲ್ಲ. ವೃಂದದ ಮಕ್ಕಳನ್ನು ನಾನು ದೂರುತ್ತಿಲ್ಲ. ಅವರು ಶ್ರಮಪಟ್ಟು ಕಲಿಯುತ್ತಾರೆ, ಇಂಪಾಗಿಯೂ ಹಾಡುತ್ತಾರೆ. ನಾವು ಅವರಿಗೆ ಉತ್ತರ ಕೊಡುವುದನ್ನು ನಿಲ್ಲಿಸಿದ್ದೇವೆ.

ಉತ್ತರ ಕೊಡುವ ಹಾಡು ನಮ್ಮ ಮಣ್ಣಿನದೇ. ವಾಡೆಯ ಶಿಲುಬೆಯ ಮುಂದೆ ಮೇಣದ ಬತ್ತಿ ಹಚ್ಚಿ ಲದಿನ್ ಹಾಡುವುದನ್ನು ನೆನಪಿಸಿಕೊಳ್ಳಿ: ಒಬ್ಬರು ಮಾತೆಯ ಬಿರುದೊಂದನ್ನು ಎತ್ತುತ್ತಾರೆ, ಇಡೀ ವಾಡೆ ಒಂದೇ ದನಿಯಲ್ಲಿ ಮರುನುಡಿಯುತ್ತದೆ. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರ ಹಾಡನ್ನು ಕೇಳದವರು ಇಲ್ಲಿ ವಿರಳ. ಹಾಲಕ್ಕಿ ಸಮಾಜದ ಆ ಅಜ್ಜಿಗೆ ಅಕ್ಷರ ಬಾರದಿದ್ದರೂ ಸಾವಿರಾರು ಹಾಡುಗಳು ನಾಲಗೆಯ ಮೇಲಿದ್ದವು. 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ನಮ್ಮನ್ನಗಲಿದರು. ಅವರ ಹಾಡುಗಳ ಮುದ್ರಣಗಳು ಉಳಿದಿರುವುದು ಪುಣ್ಯ. ಆದರೆ ಅವರು ಒಬ್ಬರೇ ಹಾಡಿದ ಹಾಡಿಗಿಂತ, ಓರಗೆಯ ಹೆಂಗಸರು ಹಿಂದಿನಿಂದ ಸೊಲ್ಲನ್ನು ಎತ್ತಿಕೊಂಡಾಗ ಹಾಡು ಹೇಗೆ ಮೈತುಂಬಿಕೊಳ್ಳುತ್ತಿತ್ತೆಂಬುದನ್ನು ಬಲ್ಲವರು ಬಲ್ಲರು. ಗುಮಟೆಯನ್ನೂ ನೋಡಿ. ಗೋವೆಯ ಕ್ರೈಸ್ತರ ಮಾಂಡೋಗೂ ಅದೇ, ನಮ್ಮ ಹಾಲಕ್ಕಿ ಒಕ್ಕಲಿಗರ ಗುಮಟೆ ಪಾಂಗಿಗೂ ಅದೇ. ನಮ್ಮ ಪೂಜೆಯೊಳಗೆ ಅದರ ಸದ್ದು ಅಪರೂಪ.

ಆದುದರಿಂದ ಸಮಿತಿಯವರಲ್ಲಿ ನನ್ನ ಸೂಚನೆ ಇದು. ಮುದ್ರಿಕೆಯನ್ನು ತರೋಣ, ಅವಶ್ಯವಾಗಿ ತರೋಣ. ಆದರೆ ಇಲ್ಲಿ, ಈ ಗೋಡೆಗಳ ನಡುವೆ, ಹಬ್ಬದ ಬಲಿಪೂಜೆಯ ದಿನ. ಯಂತ್ರಗಳು ಇಲ್ಲಿಗೆ ಬರಲಿ. 1972ರಲ್ಲಿಯೇ ಅವರು ಯಂತ್ರಗಳನ್ನು ದೇವಾಲಯಕ್ಕೆ ತಂದಿದ್ದರು, ಇಂದು ಆ ಕೆಲಸ ಒಂದು ಚೀಲದೊಳಗೆ ಹಿಡಿಯುತ್ತದೆ. ಲದಿನ್ನಿನ ಹಳೆಯ ಧಾಟಿಯನ್ನು ಬಲ್ಲ ಐದಾರು ಮಂದಿ ವೃದ್ಧೆಯರು ಇನ್ನೂ ನಮ್ಮಲ್ಲಿದ್ದಾರೆ. ಮೊದಲು ಅವರ ದನಿ ಸೇರಲಿ. ಹಳಿಯಾಳದ ಕಡೆಯಿಂದ ಸಿದ್ದಿ ಕುಟುಂಬಗಳನ್ನು ಡಮಾಮಿಯೊಡನೆ ಕರೆಯೋಣ, ವೇದಿಕೆಗಲ್ಲ, ನಮ್ಮ ಬೆಂಚುಗಳಿಗೆ. ಫ್ಯಾನಿನ ಸದ್ದು ಬಂದೀತು, ಹೆದ್ದಾರಿಯ ಲಾರಿಯ ಹಾರ್ನು ಕೇಳಿಸೀತು, ಯಾವುದೋ ಮಗು ಅತ್ತೀತು ಎಂಬ ಆಕ್ಷೇಪಣೆ ಬರುವುದು ಖಂಡಿತ. ಬರಲಿ. ಆದರೆ ಜನರ ಹಾಡೆಂದರೆ ತಯಾರಿಯಿಲ್ಲದ ಹಾಡೆಂದು ಯಾರೂ ಭಾವಿಸಬಾರದು. ಆ ಎರಡು ರಾತ್ರಿಗಳಿಗೆ ಮುಂಚೆ ಅಲ್ಲಿನ ವೃಂದ ಗಾಯಕಿಯೊಡನೆ ಕುಳಿತು ಚೆನ್ನಾಗಿ ಅಭ್ಯಾಸ ಮಾಡಿತ್ತು. ನಾವೂ ಆಗಮನ ಕಾಲದ ನಾಲ್ಕು ಭಾನುವಾರ ಪೂಜೆಯ ನಂತರ ಅರ್ಧ ಗಂಟೆ ಉಳಿಯಬೇಕಾದೀತು. ಖರ್ಚು ಸ್ಟುಡಿಯೋದ ಬಾಡಿಗೆಗಿಂತ ಹೆಚ್ಚಾಗಲಾರದೆಂದು ನನ್ನ ಅಂದಾಜು. ಕಾರ್ಯದರ್ಶಿಗಳು ಲೆಕ್ಕ ಹಾಕಿ ನೋಡಬೇಕು.

ಈಗ ಯುವಜನರು ಲಾಜರನ ಹಾಡನ್ನು ಕೇಳಿಸಲಿದ್ದಾರೆ. ಸುಮಾರು ಏಳೂವರೆ ನಿಮಿಷ. ಇಂಗ್ಲಿಷ್ ತಿಳಿಯದವರು ಚಿಂತಿಸುವುದು ಬೇಡ, ಎರಡನೆಯ ಕರೆಗೂ ಮೂರನೆಯ ಕರೆಗೂ ನಡುವೆ ಹಿಂದಿನಿಂದ ಬರುವ ಜನರ ದನಿಗೆ ಕಿವಿಗೊಡಿ. ಅದು ಮುಗಿದ ಮೇಲೆ ನಮ್ಮ ಹಿರಿಯ ತಾಯಂದಿರು ಲದಿನ್ ಎತ್ತುತ್ತಾರೆ. ಮೈಕುಗಳನ್ನು ಆರಿಸುವಂತೆ ನಾನು ಆಗಲೇ ಕೇಳಿಕೊಂಡಿದ್ದೇನೆ. ಉತ್ತರ ಹೇಳಬೇಕಾದವರು ತಾವು.